ಕೂತ ಅಕಿಲಿಸನ ವೇಗದ ಕಾಲು

ಇಲಿಯಡ್ ಮಹಾಕಾವ್ಯದ ಮೊದಲ ಕಾಂಡದಲ್ಲೇ ವೀರ ಅಕಿಲಿಸ್ ಮುನಿಸಿಕೊಂಡು ಯುದ್ಧ ಬಿಟ್ಟ. ಅವನ ಪಾಲಿಗೆ ಬಂದಿದ್ದ ಹೆಣ್ಣನ್ನು ದೊರೆ ಅಗಮೆಮ್ನನ್ ತುಂಬಿದ ಸಭೆಯಲ್ಲಿ ಜಗಳ ತೆಗೆದು ಕಿತ್ತುಕೊಂಡಿದ್ದ. ಸಭೆಗೂ ಹೋಗದೆ, ರಣರಂಗಕ್ಕೂ ಇಳಿಯದೆ ಅಕಿಲಿಸ್ ತನ್ನ ಹಡಗುಗಳ ಪಕ್ಕ ಸುಮ್ಮನೆ ಕೂತ. ವಿಚಿತ್ರವೆಂದರೆ, ಕದಲದೆ ಕೂತ ಆ ಗಳಿಗೆಯಲ್ಲೇ ಕವಿ ಹೋಮರ್ ಅವನನ್ನು ‘ವೇಗದ ಕಾಲಿನ ಅಕಿಲಿಸ್’ ಎಂದು ಕರೆದ. ದಡಕ್ಕೆಳೆದು ನಿಲ್ಲಿಸಿದ್ದ ಹಡಗುಗಳೂ ಕವಿಯ ಬಾಯಲ್ಲಿ ‘ವೇಗವಾಗಿ ಸಾಗುವ’ ಹಡಗುಗಳಾದವು. ಎರಡು ಸಾವಿರ ವರ್ಷಗಳ ಹಿಂದೆ ಅಲೆಕ್ಸಾಂಡ್ರಿಯದ ಪಂಡಿತರು ಇಂಥ ಕಡೆ ತಡವರಿಸಿ, ಅದು ಆ ಹೊತ್ತಿನ ಮಾತಲ್ಲ, ಹುಟ್ಟುಗುಣದ ಮಾತು ಎಂದು ಸಮಾಧಾನ ಮಾಡಿಕೊಂಡಿದ್ದರು. ಆಮೇಲೆ ಬಂದವರು ಕವಿಸಮಯವೆಂದು ದಾಟಿಹೋದರು. 1920ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯದ ಒಬ್ಬ ವಿದ್ಯಾರ್ಥಿಗೆ ಮಾತ್ರ ಹಾಗೆ ದಾಟಿಹೋಗಲು ಮನಸ್ಸು ಬರಲಿಲ್ಲ.

ಅವನ ಹೆಸರು ಮಿಲ್ಮನ್ ಪ್ಯಾರಿ. ಹುಟ್ಟಿದ್ದು 1902ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಪೂರ್ವ ದಡದ ಓಕ್‌ಲ್ಯಾಂಡಿನಲ್ಲಿ. ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಆಗ ಸೇತುವೆ ಇರಲಿಲ್ಲ, ದೋಣಿಯಲ್ಲೇ ಕೊಲ್ಲಿ ದಾಟಬೇಕಿತ್ತು. ಅವನಿಗೆ ಒಂಬತ್ತು ವರ್ಷವಾಗಿದ್ದಾಗ, 1911ರಲ್ಲಿ, ಆಚೆ ದಡದ ಒಂದು ವಸ್ತುಸಂಗ್ರಹಾಲಯದಲ್ಲಿ ಅಪರೂಪದ ಕೆಲಸವೊಂದು ನಡೆದಿತ್ತು. ಯಾಹಿ ಬುಡಕಟ್ಟಿನಲ್ಲಿ ಒಬ್ಬನೇ ಉಳಿದಿದ್ದ ಇಷಿ ಎಂಬಾತ ಕಾಡುಬಾತುವಿನ ಕತೆಯನ್ನು ಗಂಟೆಗಟ್ಟಲೆ ಹೇಳಿದ್ದ. ಬರ್ಕ್‌ಲಿಯ ಮಾನವಶಾಸ್ತ್ರಜ್ಞರು ಅದನ್ನು ಮೇಣದ ಸಿಲಿಂಡರುಗಳ ಮೇಲೆ ಹಿಡಿದಿಟ್ಟಿದ್ದರು. ಸಿಲಿಂಡರು ಕೆಲವೇ ನಿಮಿಷಕ್ಕೆ ಮುಗಿಯುತ್ತಿತ್ತು, ಕತೆ ಮುಗಿಯುತ್ತಿರಲಿಲ್ಲ. ಇಪ್ಪತ್ತೆರಡು ವರ್ಷಗಳ ನಂತರ, ಭೂಮಿಯ ಇನ್ನೊಂದು ಮೂಲೆಯಲ್ಲಿ, ಅದೇ ತಾಪತ್ರಯ ಪ್ಯಾರಿಗೂ ಎದುರಾಗಲಿತ್ತು.

ಬರ್ಕ್‌ಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯ ಗ್ರೀಸ್ ಎಂದರೆ ಪ್ರಾಣ ಬಿಡುತ್ತಿದ್ದ ಜಾಗವಾಗಿತ್ತು. ಅಲ್ಲಿನ ಗುಡ್ಡದ ಮೈಯಲ್ಲಿ 1903ರಲ್ಲೇ ಎಪಿಡಾರಸ್‌ನ ಮಾದರಿಯಲ್ಲಿ ಬಯಲು ರಂಗಮಂದಿರ ಎದ್ದಿತ್ತು. ಐವನ್ ಲಿನ್‌ಫೋರ್ತ್, ಜಾರ್ಜ್ ಕಾಲ್ಹೂನ್ ಅವರಂಥ ಮೇಷ್ಟ್ರುಗಳು ಹೋಮರನನ್ನು ಪಾಠ ಹೇಳುತ್ತಿದ್ದರು. ಪ್ಯಾರಿ 1923ರಲ್ಲಿ ತನ್ನ ಎಂ.ಎ. ಪದವಿಗೆ ಒಂದು ಪುಟ್ಟ ಪ್ರಬಂಧ ಬರೆದುಕೊಟ್ಟ. ವಿಷಯ, ಪ್ರಾಚೀನ ಗ್ರೀಕ್ ಮಹಾಕಾವ್ಯದ ಪದಪ್ರಯೋಗ. ಹೋಮರನ ವಿಶೇಷಣಗಳು ಒಬ್ಬ ಕವಿಯ ಜೇಬಿನ ದುಡ್ಡಲ್ಲ, ತಲೆಮಾರುಗಳಿಂದ ಬಂದ ಪಿತ್ರಾರ್ಜಿತ ಎಂಬುದು ಅದರ ತಿರುಳು. ಮಾತು ಬೀಜದಂತೆ ಸಣ್ಣದಾಗಿತ್ತು, ಪುರಾವೆ ಅದಕ್ಕಿಂತ ಸಣ್ಣದಾಗಿತ್ತು. ಮೇಷ್ಟ್ರುಗಳು ಪದವಿ ಕೊಟ್ಟರು. ಊರು ಅದನ್ನು ಮರೆಯಿತು. ಪ್ಯಾರಿ ಮರೆಯಲಿಲ್ಲ.

ಅವನು ಕೈ ಹಾಕಿದ್ದು ಹಳೆಯ ಜೇನುಗೂಡಿಗೆ. ಫ್ರೆಡರಿಕ್ ಆಗಸ್ಟ್ ವುಲ್ಫ್ ಎಂಬ ಜರ್ಮನ್ ವಿದ್ವಾಂಸರು 1795ರಲ್ಲೇ, ಬರವಣಿಗೆ ಇಲ್ಲದ ಕಾಲದಲ್ಲಿ ಇಷ್ಟುದ್ದದ ಕಾವ್ಯವನ್ನು ಒಬ್ಬನೇ ಕಟ್ಟಲು ಹೇಗೆ ಸಾಧ್ಯ ಎಂದು ಕೇಳಿದ್ದರು. ಅಂದಿನಿಂದ ವಿದ್ವತ್ ಲೋಕ ಎರಡು ಬಣವಾಗಿತ್ತು. ಒಂದು ಬಣ ಕಾವ್ಯವನ್ನು ತುಂಡು ತುಂಡು ಮಾಡಿ, ಇದು ಹಳೆಯ ಪದರ, ಇದು ಆಮೇಲೆ ಸೇರಿದ್ದು ಎಂದು ಬೇರ್ಪಡಿಸುತ್ತಿತ್ತು. ಇನ್ನೊಂದು ಬಣ ಇಂಥ ಸೊಬಗು ಒಬ್ಬ ಮಹಾಕವಿಗಲ್ಲದೆ ಬೇರೆ ಯಾರಿಗೂ ಒಲಿಯದು ಎಂದು ಪಟ್ಟು ಹಿಡಿದಿತ್ತು. ಹೆಚ್ಚುಕಡಿಮೆ ಎಲ್ಲರೂ ಮೇಜಿನ ಮೇಲೆ ಅಚ್ಚಾದ ಪುಸ್ತಕ ಇಟ್ಟುಕೊಂಡು, ಲೇಖನಿ ಹಿಡಿದ ಒಬ್ಬನನ್ನೋ ಹಲವರನ್ನೋ ಕಲ್ಪಿಸಿಕೊಂಡೇ ಜಗಳವಾಡುತ್ತಿದ್ದರು.

ಬರ್ಕ್‌ಲಿಯ ಪ್ರಬಂಧ ಮುಗಿದ ವರ್ಷವೇ ಪ್ಯಾರಿ ಮೇರಿಯನ್ ಥಾನ್‌ಹೌಸರ್‌ಳನ್ನು ಮದುವೆಯಾಗಿದ್ದ. ಮರುವರ್ಷ ಮಗಳು ಹುಟ್ಟಿದಳು. ಕೈಗೂಸನ್ನು ಎತ್ತಿಕೊಂಡು ಗಂಡ ಹೆಂಡತಿ 1924ರಲ್ಲಿ ಪ್ಯಾರಿಸ್‌ಗೆ ಹೊರಟರು. ಸೊರ್ಬಾನ್‌ನಲ್ಲಿ ಡಾಕ್ಟರೇಟ್ ಮಾಡಬೇಕೆಂದರೆ ಪ್ರಬಂಧವನ್ನು ಫ್ರೆಂಚಿನಲ್ಲೇ ಬರೆಯಬೇಕು, ಅದೂ ಒಂದಲ್ಲ, ಎರಡು. ಪರಭಾಷೆ, ಪರದೇಶ, ಬೆಳೆಯುತ್ತಿರುವ ಸಂಸಾರ. ಇವುಗಳ ನಡುವೆ ಪ್ಯಾರಿ ಕೈಗೆತ್ತಿಕೊಂಡದ್ದು ಯಾರಿಗಾದರೂ ತಲೆ ಕೆಡಿಸುವ ಕೆಲಸ. ಇಲಿಯಡ್ ಮತ್ತು ಒಡಿಸ್ಸಿ ಸೇರಿದರೆ 27,000ಕ್ಕೂ ಹೆಚ್ಚು ಸಾಲು. ಅವುಗಳಲ್ಲಿ ಪ್ರತಿ ವೀರನ, ಪ್ರತಿ ದೇವತೆಯ ಹೆಸರು ಎಲ್ಲೆಲ್ಲಿ ಬಂತು, ಯಾವ ವಿಶೇಷಣ ಹೊತ್ತು ಬಂತು, ಸಾಲಿನ ಯಾವ ಜಾಗದಲ್ಲಿ ಕೂತಿತು ಎಂದು ಅವನು ಎಣಿಸತೊಡಗಿದ.

ಹೋಮರನ ಸಾಲಿಗೆ ಆರು ಗಣ. ಪ್ರತಿ ಗಣದಲ್ಲಿ ಒಂದು ಗುರು, ಎರಡು ಲಘು ಬರಬೇಕು, ಇಲ್ಲವೇ ಎರಡು ಗುರು ಬರಬೇಕು. ಕೊನೆಯ ಗಣಕ್ಕೆ ಎರಡೇ ಅಕ್ಷರ. ಸಾಲಿನೊಳಗೆ ಉಸಿರು ನಿಲ್ಲಿಸುವ ಯತಿಯ ಜಾಗಗಳೂ ಗೊತ್ತಾದವೇ. ಪ್ಯಾರಿ ಆ ಯತಿಗಳಿಂದ ಸಾಲಿನ ಕೊನೆಯವರೆಗೆ ಅಳೆದು ನೋಡಿದ. ಕೊನೆಯಲ್ಲಿ ಐದು ಅಕ್ಷರದ ಜಾಗ ಉಳಿದಿದ್ದರೆ ಕವಿ ‘ದೀಯೋಸ್ ಒಡುಸ್ಸೆಯುಸ್’ ಎನ್ನುತ್ತಿದ್ದ, ದಿವ್ಯ ಒಡಿಸ್ಯೂಸ್. ಏಳು ಅಕ್ಷರ ಉಳಿದಿದ್ದರೆ ಅವನೇ ‘ಪೊಲುಮೇಟಿಸ್’ ಆಗುತ್ತಿದ್ದ, ಬಹು ಉಪಾಯಗಾರ. ಎಂಟು ಉಳಿದಿದ್ದರೆ ‘ಪೊಲುಟ್ಲಾಸ್ ದೀಯೋಸ್’, ಬಹುಕಷ್ಟ ಸಹಿಸಿದ ದಿವ್ಯ ಪುರುಷ. ಅಕಿಲಿಸನ ಪಟ್ಟಿ ತೆಗೆದರೆ ಅಲ್ಲಿಯೂ ಅದೇ ಐದು, ಏಳು, ಎಂಟರ ಲೆಕ್ಕ: ‘ದೀಯೋಸ್’, ‘ಪೊದಾಸ್ ಓಕುಸ್’, ‘ಪೊದಾರ್ಕೇಸ್ ದೀಯೋಸ್’. ಒಡಿಸ್ಯೂಸ್ ಆ ಕ್ಷಣ ಉಪಾಯ ಹೂಡುತ್ತಿದ್ದನೋ, ತೂಕಡಿಸುತ್ತಿದ್ದನೋ, ಅದರ ಗೊಡವೆ ವಿಶೇಷಣಕ್ಕೆ ಇರಲಿಲ್ಲ. ಅದು ನೋಡುತ್ತಿದ್ದುದು ಸಾಲಿನಲ್ಲಿ ಉಳಿದ ಜಾಗವನ್ನು.

ಪಟ್ಟಿ ಬೆಳೆದಂತೆ ಅಚ್ಚರಿ ಬೆಳೆಯಿತು. ಸಾಲಿನ ನಡುವಿನ ಯತಿಯಿಂದ ಕೊನೆಯವರೆಗೆ ತುಂಬುವ, ಒಂದೇ ಬಗೆಯ ಅಳತೆಯ ಹೆಸರು-ವಿಶೇಷಣದ ಜೋಡಿ 37 ಪಾತ್ರಗಳಿಗೆ ಸಿಕ್ಕಿತು. ಅವುಗಳ ಪೈಕಿ ಮೂರೇ ಮೂರು ಪಾತ್ರಗಳಿಗೆ ಅದೇ ಅಳತೆಯ ಎರಡನೆಯ ಜೋಡಿ ಇತ್ತು. ಉಳಿದ ಎಲ್ಲರಿಗೂ ಆ ಜಾಗಕ್ಕೆ ಒಂದೇ ಒಂದು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಲೇಖನಿ ಹಿಡಿದು ಕೂತ ಕವಿಯೊಬ್ಬ ಇಷ್ಟು ಜಿಪುಣತನದಿಂದ, ಇಷ್ಟು ವ್ಯಾಪಕವಾಗಿ ಒಂದು ಏರ್ಪಾಡು ಮಾಡಿಕೊಳ್ಳಲು ಒಂದು ಜನ್ಮ ಸಾಲದು. ಅಳತೆಗೆ ತಕ್ಕ ಈ ಸಾಮಗ್ರಿ ಎಷ್ಟೋ ತಲೆಮಾರಿನ ಕವಿಗಳು ಉಜ್ಜಿ ಉಜ್ಜಿ ಉಳಿಸಿಕೊಂಡದ್ದು ಎಂದು ಪ್ಯಾರಿ ತೀರ್ಮಾನಿಸಿದ.

1928ರಲ್ಲಿ ಪ್ರಬಂಧಗಳ ಸಮರ್ಥನೆಯ ದಿನ ಬಂತು. ಅದಕ್ಕೆ ಸ್ವಲ್ಪ ಮುಂಚೆ ಪ್ಯಾರಿಸ್‌ನಲ್ಲಿ ಒಂದು ಭಿತ್ತಿಪತ್ರ ಅವನ ಕಣ್ಣಿಗೆ ಬಿದ್ದಿತ್ತು. ಮತಿಯಾ ಮುರ್ಕೊ ಎಂಬ ಪ್ರಾಧ್ಯಾಪಕರು ಯುಗೊಸ್ಲಾವಿಯದ ಹಳ್ಳಿ ಗಾಯಕರ ಬಗ್ಗೆ ಉಪನ್ಯಾಸ ಕೊಡಲಿದ್ದರು. ತನಗೂ ಅದಕ್ಕೂ ಏನು ಸಂಬಂಧ ಎಂದುಕೊಂಡು ಪ್ಯಾರಿ ತನ್ನ ದಾರಿ ಹಿಡಿದ. ಸಮರ್ಥನೆಯ ದಿನ ನೋಡಿದರೆ ಅದೇ ಮುರ್ಕೊ ಸಭೆಯಲ್ಲಿ ಕೂತಿದ್ದರು. ಪರೀಕ್ಷಕರ ಸಾಲಿನಲ್ಲಿದ್ದ ಭಾಷಾವಿಜ್ಞಾನಿ ಅಂತ್ವಾನ್ ಮೆಯೆ ಅವರ ಸೂಚನೆಯೇ ಅದಕ್ಕೆ ಕಾರಣವಾಗಿರಬೇಕು. ಮೆಯೆ ಪ್ರಬಂಧವನ್ನು ಹೊಗಳಿದರು, ಹೊಗಳಿದ ಬಾಯಲ್ಲೇ ಅದರ ಕುಂದಿನ ಮೇಲೆ ನೇರವಾಗಿ ಬೆರಳಿಟ್ಟರು. ಪರಂಪರೆ ಎಂದಾಯಿತು, ಆದರೆ ಇಂಥ ಪರಂಪರೆ ಯಾವ ಅಗತ್ಯಕ್ಕೆ ಹುಟ್ಟಿತು? ಜಾಗ ತುಂಬುವ ಜೋಡಿಗಳು ಬರೆಯುವವನಿಗೆ ಬೇಕಿಲ್ಲ. ಯಾರಿಗೆ ಬೇಕಿತ್ತು? ಉತ್ತರ ಪ್ಯಾರಿಯ ಎರಡು ಪುಸ್ತಕಗಳಲ್ಲೂ ಇರಲಿಲ್ಲ. ಉತ್ತರ ಗೊತ್ತಿದ್ದ ಮನುಷ್ಯ ಅದೇ ಕೋಣೆಯಲ್ಲಿದ್ದರು.

ಡಾಕ್ಟರ್ ಪ್ಯಾರಿ ಅಮೆರಿಕಕ್ಕೆ ಮರಳಿ ಒಂದು ವರ್ಷ ಅಯೊವಾದ ಡ್ರೇಕ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿ, 1929ರಲ್ಲಿ ಹಾರ್ವರ್ಡ್ ಸೇರಿದ. ಅಲ್ಲಿ ಮುರ್ಕೊ ಬರೆದದ್ದನ್ನು ತೆಗೆದು ಓದಿದ. ಮಧ್ಯ ಏಷ್ಯದ ಕಿರ್ಗಿಜ್ ಗಾಯಕರ ಬಗ್ಗೆ ರಾಡ್ಲೊಫ್ ಬರೆದದ್ದನ್ನೂ ಓದಿದ. ಅಕ್ಷರ ತಿಳಿಯದ ಗಾಯಕರು, ಸಾವಿರಾರು ಸಾಲಿನ ವೀರಗಾಥೆಗಳು, ಒಂದು ಹಾಡು ಎರಡು ಸಲ ಒಂದೇ ತೆರನಾಗಿ ಬಾರದ ಸೋಜಿಗ. 1930 ಮತ್ತು 1932ರಲ್ಲಿ ಅವನು ಬರೆದ ಲೇಖನಗಳಲ್ಲಿ ‘ಪರಂಪರೆಯ ಕವಿ’ ಹೋಗಿ ‘ಬಾಯಿಹಾಡಿನ ಕವಿ’ ಬಂದ. ಆದರೂ ಅದು ಊಹೆಯೇ. ಹೋಮರ್ ಸತ್ತು ಎರಡೂವರೆ ಸಾವಿರ ವರ್ಷ ಮೀರಿತ್ತು, ಅವನನ್ನು ಹಾಡಿಸಿ ನೋಡುವ ಹಾಗಿರಲಿಲ್ಲ. ಹಾಡುವ ಇನ್ನೊಬ್ಬನನ್ನು ಹುಡುಕಬೇಕಿತ್ತು.

ಪ್ಯಾರಿಯ ಮೊದಲ ಕಣ್ಣು ಸೋವಿಯತ್ ನಾಡಿನ ಮೇಲಿತ್ತು. ಅದು ಕೈಗೂಡಲಿಲ್ಲ. ಹಾಗಾಗಿ 1933ರ ಬೇಸಿಗೆಯಲ್ಲಿ ಯುಗೊಸ್ಲಾವಿಯಕ್ಕೆ ಹೋದ. ಭಾಷೆ ಹೊಸದು, ದಾರಿ ಕಲ್ಲುಮುಳ್ಳಿನದು. ಕಚೇರಿಗಳಲ್ಲಿ ಪತ್ರ ಹೇಳಿ ಬರೆಸಲು ಬಳಸುತ್ತಿದ್ದಂಥ ಧ್ವನಿಯಂತ್ರ ಒಯ್ದಿದ್ದ, ಅದು ಕೈಕೊಟ್ಟಿತು. ಗಾಯಕನ ಎದುರು ಕೂತು ಬರೆದುಕೊಳ್ಳೋಣವೆಂದರೆ, ಬರೆಯುವ ಕೈಗಾಗಿ ಹಾಡುವವನು ನಿಲ್ಲಬೇಕು. ನಿಂತರೆ ಲಯ ಮುರಿಯುತ್ತಿತ್ತು, ಲಯ ಮುರಿದರೆ ಹಾಡೇ ಬದಲಾಗುತ್ತಿತ್ತು. ಆ ಬೇಸಿಗೆಯ ದೊಡ್ಡ ಲಾಭ ಒಬ್ಬ ಮನುಷ್ಯ: ಹರ್ಜೆಗೋವಿನದ ಸ್ಟೊಲಾಟ್ಸ್ ಊರಿನ ಕಲ್ಲುಕುಟಿಗ ನಿಕೊಲಾ ವುಯ್ನೊವಿಚ್. ಸ್ವತಃ ಹಾಡಬಲ್ಲವನು, ಬರೆಯಬಲ್ಲವನು, ಗಾಯಕರ ಜೊತೆ ಸಲುಗೆಯಿಂದ ಹರಟಬಲ್ಲವನು. ಮುಂದಿನ ಕೆಲಸವೆಲ್ಲ ಅವನ ನಾಲಿಗೆಯ ಮೇಲೆ ನಿಂತಿತು.

ಸೋತು ಬಂದ ಪ್ಯಾರಿ ಕನೆಟಿಕಟ್‌ನ ವಾಟರ್‌ಬರಿಯಲ್ಲಿ ಹೊಸ ಯಂತ್ರವನ್ನೇ ಮಾಡಿಸಿದ. ಅದಕ್ಕೆ ಎರಡು ತಿರುಗುಪೀಠ. ಒಂದರ ಮೇಲಿನ ಅಲ್ಯೂಮಿನಿಯಂ ತಟ್ಟೆ ತುಂಬುತ್ತಿದ್ದಂತೆ ಸ್ವಿಚ್ ಒತ್ತಿದರೆ ಮುಳ್ಳು ಇನ್ನೊಂದರ ಮೇಲೆ ಕೊರೆಯತೊಡಗುತ್ತಿತ್ತು. ಅಷ್ಟರಲ್ಲಿ ಮೊದಲನೆಯದನ್ನು ಬದಲಿಸಿದರಾಯಿತು. ಹಾಡುವವನು ಇನ್ನು ಯಾರಿಗಾಗಿಯೂ ನಿಲ್ಲಬೇಕಿರಲಿಲ್ಲ. 1934ರಲ್ಲಿ ಪ್ಯಾರಿ ಸಂಸಾರ ಸಮೇತ ಡುಬ್ರೊವ್ನಿಕ್ ಸೇರಿದ. ಆಗ ತಾನೇ ಹಾರ್ವರ್ಡ್ ಮುಗಿಸಿದ್ದ ಆಲ್ಬರ್ಟ್ ಲಾರ್ಡ್ ಸಹಾಯಕನಾಗಿ ಜೊತೆಗೆ ಹೋದ. ಯಂತ್ರ, ತಟ್ಟೆಗಳನ್ನು ಫೋರ್ಡ್ ಕಾರಿಗೆ ಹೇರಿಕೊಂಡು ಅವರು ಬೆಟ್ಟದ ಊರೂರು ಅಲೆದರು.

ಗಾಯಕರು ಸಿಗುತ್ತಿದ್ದುದು ಕಾಫಿ ಅಂಗಡಿಗಳಲ್ಲಿ. ರಂಜಾನ್ ತಿಂಗಳಲ್ಲಿ ಉಪವಾಸ ಬಿಟ್ಟ ಗಂಡಸರು ಅಲ್ಲಿ ಸೇರಿ ರಾತ್ರಿಯೆಲ್ಲ ಹಾಡು ಕೇಳುವ ರೂಢಿಯಿತ್ತು. ಕುದುರೆಯ ಬಾಲದ ಕೂದಲಿನ ಒಂದೇ ತಂತಿಯ ಗುಸ್ಲೆಯನ್ನು ಕಮಾನಿನಿಂದ ಎಳೆಯುತ್ತ, ಸಾಲಿಗೆ ಹತ್ತು ಅಕ್ಷರದಂತೆ ಗಾಯಕ ಕತೆ ಹೇಳುತ್ತಿದ್ದ. ನೋವಿ ಪಜಾರ್ ಊರಿನ ಕಾಫಿ ಅಂಗಡಿಯ ಯಜಮಾನ ಡೆಮೊ ಜೊಗಿಚ್ ಸ್ವತಃ ಗಾಯಕ. ಇಂದು ಹಾಡಿದ ಹಾಡನ್ನು ಇನ್ನು ಇಪ್ಪತ್ತು ವರ್ಷ ಬಿಟ್ಟು ಕೇಳಿದರೂ ಒಂದಕ್ಷರ ಆಚೀಚೆಯಾಗದಂತೆ ಹಾಡುವುದಾಗಿ ಅವನು ನಿಕೊಲಾನ ಮುಂದೆ ಎದೆ ತಟ್ಟಿ ಹೇಳಿದ. ಆ ಹಾಡನ್ನು ಅವನು ಕಲಿತದ್ದು ಸುಲೇಮಾನ್ ಮಾಕಿಚ್ ಎಂಬ ಇನ್ನೊಬ್ಬ ಗಾಯಕನಿಂದ. ಗುರುವಿನ ತಟ್ಟೆ, ಶಿಷ್ಯನ ತಟ್ಟೆ ಎರಡನ್ನೂ ಜೋಡಿಸಿ ನೋಡಿದರೆ ಕತೆಯ ಹಂದರ ಅದೇ, ಮಾತು ಬೇರೆ. ಡೆಮೊ ಸುಳ್ಳು ಹೇಳಿರಲಿಲ್ಲ. ಅವನ ಮಟ್ಟಿಗೆ ಹಂದರ ಉಳಿದರೆ ಹಾಡು ಉಳಿದಂತೆ. ಗಾಯಕರು ಹಾಡನ್ನು ಬಾಯಿಪಾಠ ಮಾಡಿ ಒಪ್ಪಿಸುತ್ತಾರೆಂಬ ವಾದ ಅಲ್ಲಿಗೆ ಬಿದ್ದುಹೋಯಿತು. ಬಾಯಿಪಾಠ ಅಲ್ಲವೆಂದರೆ ಮತ್ತೆ ಹೇಗೆ?

ಇಷ್ಟಾದರೂ ದೊಡ್ಡ ಅಡ್ಡಿಯೊಂದು ಹಾಗೇ ಇತ್ತು. ಅವರು ಕೇಳಿದ ಹಾಡುಗಳು ಚೆನ್ನಾಗಿದ್ದರೂ ಬಹುಪಾಲು ಗಿಡ್ಡವಾಗಿದ್ದವು. ಅಕ್ಷರ ಬಾರದವನು ಒಡಿಸ್ಸಿಯಷ್ಟು ಉದ್ದದ, ಅಷ್ಟು ಸಾವಧಾನದ ಕಾವ್ಯ ಕಟ್ಟಬಲ್ಲನೇ? ಇದಕ್ಕೆ ಹೌದೆನ್ನುವ ಗಾಯಕ ಸಿಗದಿದ್ದರೆ ಎದುರಾಳಿಗಳು ನಗುತ್ತಿದ್ದರು.

1935ರ ಬೇಸಿಗೆಯಲ್ಲಿ ಮಾಂಟೆನಿಗ್ರೊದ ಬಿಯೆಲೊ ಪೋಲ್ಯೆ ಪಟ್ಟಣದ ಕಾಫಿ ಅಂಗಡಿಯಲ್ಲಿ ನಿಕೊಲಾ ಎಂದಿನಂತೆ ವಿಚಾರಿಸುತ್ತಿದ್ದ. ಪಕ್ಕದ ಬೆಂಚಿನ ಮೇಲೆ ಮೈಚೆಲ್ಲಿ, ಹಳೆಯ ಬೆಳ್ಳಿ ಕೊಳವೆಯಲ್ಲಿ ಸಿಗರೇಟು ಎಳೆಯುತ್ತಿದ್ದವನೊಬ್ಬ ಮಾತಿಗೆ ಬಂದ. ಎಲ್ಲರಿಗಿಂತ ಮೇಲಾದವನು ಇಲ್ಲಿಂದ ಒಂದು ಗಂಟೆ ದಾರಿಯಲ್ಲಿದ್ದಾನೆ, ಅವ್ದೊ ಮೆಜೆದೊವಿಚ್ ಎಂದು ಹೆಸರು ಎಂದ. ಓದು ಬರಹ ಬರುತ್ತದೆಯೇ ಎಂದರೆ, ಎಲ್ಲಿಂದ ಬರಬೇಕು ಎಂದ. ಕರೆಕಳಿಸಿದರು. ಅರವತ್ತು ದಾಟಿದ, ಗಿಡ್ಡ ಆಳು, ಕುತ್ತಿಗೆಯಲ್ಲಿ ಎದ್ದು ಕಾಣುವ ಗಳಗಂಡ. ಮಾಂಸದಂಗಡಿ ಇಟ್ಟು, ಹೊಲ ಗೇಯ್ದು ಬದುಕಿದವನು, ತುರ್ಕರ ಸೈನ್ಯದಲ್ಲೂ ದುಡಿದವನು. ಹಾಡು ಅಪ್ಪನಿಂದ ಬಂದದ್ದು. ಅಪ್ಪನಿಗೆ ‘ಕುರುಡ ಹುಸೊ’ ಎಂದೇ ಹೆಸರಾಗಿದ್ದ ಮಹಾಗಾಯಕನ ಪ್ರಭಾವವಿತ್ತು. ಅವ್ದೊ ಬೆಂಚಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಗುಸ್ಲೆ ಎಳೆದ. ಕಂಠ ಇಂಪಾಗಿರಲಿಲ್ಲ, ನುಡಿಸುವ ಕೈ ಸಾಧಾರಣ. ಹಾಡು ಮಾತ್ರ ಓಡುತ್ತಿತ್ತು. ರಾಗ ಹಿಂದೆ ಬಿದ್ದರೆ ರಾಗ ಬಿಟ್ಟು ಓಡುತ್ತಿತ್ತು.

ದಿನಗಟ್ಟಲೆ ಹಾಡಿ ಅವ್ದೊನ ದನಿ ಕೂತುಹೋಯಿತು, ವೈದ್ಯರಲ್ಲಿಗೆ ಕರೆದೊಯ್ಯಬೇಕಾಯಿತು. ಜುಲೈ ತಿಂಗಳಲ್ಲಿ ಅವನು ‘ಸ್ಮೈಲಾಗಿಚ್ ಮೆಹೊನ ಮದುವೆ’ ಎಂಬ ಕಾವ್ಯವನ್ನು ಹೇಳುತ್ತ ಹೋದ, ನಿಕೊಲಾ ಬರೆಯುತ್ತ ಹೋದ. ಮುಗಿಸಿ ಎಣಿಸಿದಾಗ 12,000 ಸಾಲು ದಾಟಿತ್ತು, ಹೆಚ್ಚುಕಡಿಮೆ ಒಡಿಸ್ಸಿಯಷ್ಟು. ಆ ಕತೆ ಅವನಿಗೆ ಸಿಕ್ಕಿದ್ದು ಪುಟ್ಟದೊಂದು ಹಾಡಿನ ಪುಸ್ತಕದಿಂದ. ಯಾರೋ ನಾಲ್ಕಾರು ಸಲ ಓದಿ ಹೇಳಿದ್ದನ್ನು ಕಿವಿಯಲ್ಲಿ ಹಿಡಿದಿದ್ದ. ಪುಸ್ತಕದಲ್ಲಿ ಇದ್ದದ್ದು ಎರಡು ಸಾವಿರ ಚಿಲ್ಲರೆ ಸಾಲು.

ಪ್ಯಾರಿಗೆ ಅಷ್ಟು ಸಾಲಲಿಲ್ಲ, ಕಣ್ಣೆದುರೇ ನಡೆಯಬೇಕೆಂದು ಒಂದು ಪರೀಕ್ಷೆ ಹೂಡಿದ. ಮುಮಿನ್ ವ್ಲಾಹೊವ್ಲ್ಯಾಕ್ ಎಂಬ ಒಳ್ಳೆಯ ಗಾಯಕನಿಗೆ ಅವ್ದೊ ಎಂದೂ ಕೇಳದ ಒಂದು ಹಾಡು ಗೊತ್ತಿತ್ತು. ಅವ್ದೊನನ್ನು ಪಕ್ಕದಲ್ಲಿ ಕೂರಿಸಿ, ಏನೂ ಹೇಳದೆ, ಮುಮಿನ್‌ನಿಂದ ಅದನ್ನು ಹಾಡಿಸಿದರು. 2,294 ಸಾಲಿಗೆ ಹಾಡು ಮುಗಿಯಿತು. ಪ್ಯಾರಿ ಥಟ್ಟನೆ ಅವ್ದೊನತ್ತ ತಿರುಗಿ, ಈಗ ನೀನು ಹಾಡಬಲ್ಲೆಯಾ ಎಂದು ಕೇಳಿದ. ಅವ್ದೊ ಮೊದಲು ಮುಮಿನ್‌ನ ಹಾಡನ್ನು ಮರ್ಯಾದೆಯಿಂದ ಹೊಗಳಿದ, ಆಮೇಲೆ ಗುಸ್ಲೆ ತೆಗೆದುಕೊಂಡ. ಅದೇ ಕತೆ, ಅದೇ ಸರಣಿ. ಆದರೆ ಸಭೆಗೆ ಬಂದವರ ಉಡುಪು, ಕುದುರೆಯ ಸಜ್ಜು, ನಾಯಕನ ಒಳಗುದಿ ಒಂದೊಂದೂ ತುಂಬಿಕೊಳ್ಳುತ್ತ ಹೋದವು. ಅವ್ದೊ ನಿಲ್ಲಿಸಿದಾಗ 6,313 ಸಾಲಾಗಿತ್ತು. ಒಂದೇ ಸಲ ಕೇಳಿದ ಹಾಡು, ಕೇಳಿದ್ದರ ಹೆಚ್ಚುಕಡಿಮೆ ಮೂರು ಪಟ್ಟು. ಬರ್ಕ್‌ಲಿಯಲ್ಲಿ ಬಿತ್ತಿದ ಊಹೆ ಹನ್ನೆರಡು ವರ್ಷಗಳ ನಂತರ ಮಾಂಟೆನಿಗ್ರೊದ ಕಾಫಿ ಅಂಗಡಿಯಲ್ಲಿ ಫಲ ಕೊಟ್ಟಿತ್ತು.

3,500ಕ್ಕೂ ಹೆಚ್ಚು ಅಲ್ಯೂಮಿನಿಯಂ ತಟ್ಟೆಗಳೊಂದಿಗೆ ಪ್ಯಾರಿ ಸೆಪ್ಟೆಂಬರಿನಲ್ಲಿ ಮರಳಿದ. ಬರೆಯಬೇಕೆಂದಿದ್ದ ಪುಸ್ತಕಕ್ಕೆ ಹೆಸರೂ ಇಟ್ಟಾಗಿತ್ತು, ಮೊದಲ ಕೆಲವು ಪುಟಗಳೂ ಆಗಿದ್ದವು. 1935ರ ಡಿಸೆಂಬರ್ 3ರಂದು ಲಾಸ್ ಏಂಜಲಿಸ್‌ನ ಹೋಟೆಲ್ ಕೋಣೆಯಲ್ಲಿ, ಪೆಟ್ಟಿಗೆಯಲ್ಲಿದ್ದ ರಿವಾಲ್ವರಿನಿಂದ ಗುಂಡು ಹಾರಿ ಅವನು ಸತ್ತ. ಪೊಲೀಸರು ಆಕಸ್ಮಿಕ ಎಂದರು. ಪ್ಯಾರಿಗೆ ಆಗ ಮೂವತ್ತಮೂರು ವರ್ಷ.

ತಟ್ಟೆಗಳು ಹಾರ್ವರ್ಡಿನ ವೈಡ್ನರ್ ಗ್ರಂಥಾಲಯ ಸೇರಿದವು, ಹೊಣೆ ಆಲ್ಬರ್ಟ್ ಲಾರ್ಡ್ ಹೆಗಲೇರಿತು. ಲಾರ್ಡ್ 1950ರ ಸುಮಾರಿಗೆ ಮತ್ತೆ ಯುಗೊಸ್ಲಾವಿಯಕ್ಕೆ ಹೋಗಿ ಮುದುಕ ಅವ್ದೊನಿಂದ ಇನ್ನೊಮ್ಮೆ ಹಾಡಿಸಿಕೊಂಡ. 1960ರಲ್ಲಿ, ಗುರು ಸತ್ತು ಕಾಲು ಶತಮಾನವಾದ ಮೇಲೆ, ಗುರು ಇಟ್ಟಿದ್ದ ಹೆಸರಿನಲ್ಲೇ ‘ದಿ ಸಿಂಗರ್ ಆಫ್ ಟೇಲ್ಸ್’ ಪುಸ್ತಕ ಹೊರತಂದ. ಅಲ್ಲಿಂದ ಲೋಕದ ಮೂಲೆಮೂಲೆಯಲ್ಲಿ ಗಾಯಕರ ಹುಡುಕಾಟ ಶುರುವಾಯಿತು. ಫಿನ್ಲೆಂಡಿನ ಲೌರಿ ಹೊಂಕೊ 1990ರಲ್ಲಿ ಬೆಳ್ತಂಗಡಿ ತಾಲ್ಲೂಕಿಗೆ ಬಂದು, ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಅವರ ಜೊತೆಗೂಡಿ ಗೋಪಾಲ ನಾಯ್ಕರ ಬಾಯಿಂದ ತುಳುವಿನ ಸಿರಿ ಕಾವ್ಯವನ್ನು ದಾಖಲಿಸಿದರು. 1998ರಲ್ಲಿ ಅಚ್ಚಾದಾಗ ಅದರ ಉದ್ದ 15,683 ಸಾಲು, ಇಲಿಯಡ್‌ಗೆ ಸರಿಸಮ. ಅವ್ದೊ ಎಲ್ಲೋ ಒಬ್ಬ ಹುಟ್ಟಿದ ಅಪವಾದ ಎನ್ನುವ ಮಾತು ಅಲ್ಲಿಗೆ ಮುಗಿಯಿತು.

ಪ್ಯಾರಿ ಕಂಡುಕೊಂಡದ್ದು ಇಷ್ಟು. ಹೋಮರನ ಪರಂಪರೆಯ ಗಾಯಕ ಹಾಡನ್ನು ಬಾಯಿಪಾಠ ಮಾಡಿ ಒಪ್ಪಿಸುತ್ತಿರಲಿಲ್ಲ, ಹಾಡುತ್ತ ಹಾಡುತ್ತಲೇ ಕಟ್ಟುತ್ತಿದ್ದ. ಕೇಳುಗರು ಎದುರಿಗಿದ್ದಾರೆ, ಸಾಲು ಓಡುತ್ತಿದೆ, ಯೋಚಿಸಲು ಬಿಡುವಿಲ್ಲ. ಛಂದಸ್ಸಿನ ಪ್ರತಿ ಖಾಲಿ ಜಾಗಕ್ಕೂ ಹೊಂದುವ ಸಿದ್ಧ ನುಡಿಗಟ್ಟು ನಾಲಿಗೆಯ ತುದಿಯಲ್ಲಿ ಇರಬೇಕು. ಏಳು ಅಕ್ಷರ ಉಳಿದಾಗ ಅಕಿಲಿಸನ ಕಾಲಿಗೆ ವೇಗ ಬರುತ್ತಿದ್ದುದು ಹಾಗೆ. ನುಡಿಗಟ್ಟಿನಂತೆ ಪ್ರಸಂಗಗಳೂ ಸಿದ್ಧವಾಗಿರುತ್ತಿದ್ದವು: ವೀರ ಕವಚ ತೊಡುವುದು, ಬಲಿ ಕೊಡುವುದು, ಅತಿಥಿ ಬರುವುದು.

ಆದಿ ಗ್ರೀಕರ ಸಮಾಜದ ಬಹಳಷ್ಟು ವಿವರ ಉಳಿದದ್ದೂ ಈ ಏರ್ಪಾಡಿನಿಂದಲೇ. ಮೈಸೀನಿಯ ಅರಮನೆಗಳು ಕ್ರಿ.ಪೂ. 1200ರ ಸುಮಾರಿಗೆ ಉರುಳಿ, ಅವುಗಳ ಜೊತೆ ಲಿಪಿಯೂ ಹೋಯಿತು. ಹೊಸ ಅಕ್ಷರಮಾಲೆ ಫಿನೀಷಿಯನ್ನರಿಂದ ಬಂದು ನೆಲೆಯೂರುವಷ್ಟರಲ್ಲಿ ಕ್ರಿ.ಪೂ. 8ನೇ ಶತಮಾನವಾಗಿತ್ತು. ನಡುವಿನ ನಾನೂರು ವರ್ಷ ಗಾಯಕರೇ ಕಡತ. ಇಲಿಯಡ್‌ನಲ್ಲಿ ಒಡಿಸ್ಯೂಸ್ ತೊಡುವ ಹಂದಿಕೋರೆಯ ಶಿರಸ್ತ್ರಾಣ ಹೋಮರನ ಕಾಲಕ್ಕೆ ಬಳಕೆಯಿಂದ ಹೋಗಿ ಶತಮಾನಗಳೇ ಆಗಿದ್ದವು, ಅಂಥವು ಕಣ್ಣಿಗೆ ಬಿದ್ದದ್ದು ಮೈಸೀನಿಯ ಗೋರಿಗಳನ್ನು ಅಗೆದಾಗ. ಬಾಗಿಲಿಗೆ ಬಂದ ಅಪರಿಚಿತನಿಗೆ ಮೊದಲು ನೀರು, ಆಮೇಲೆ ಊಟ, ಉಂಡ ನಂತರವಷ್ಟೇ ಹೆಸರು ಕೇಳುವ ಅವರ ಪದ್ಧತಿಯೂ ಒಡಿಸ್ಸಿಯಲ್ಲಿ ಮತ್ತೆ ಮತ್ತೆ ಅದೇ ಕ್ರಮದಲ್ಲಿ ಬರುತ್ತದೆ. ವಿಮರ್ಶಕರು ಬೇಸರದ ಪುನರಾವರ್ತನೆ ಎಂದು ಬಗೆದಿದ್ದ ಆ ಸಾಲುಗಳು ಅಕ್ಷರವಿಲ್ಲದ ಜನ ತಮ್ಮ ನಡವಳಿಕೆಯನ್ನು ಮುಂದಿನವರಿಗೆ ದಾಟಿಸಲು ಕಂಡುಕೊಂಡ ಉಪಾಯವಾಗಿದ್ದವು.